ಸ್ವತಂತ್ರ ಚಿತ್ರಕಾರನ ಜಮಾ-ಖರ್ಚು

ಚಲನಚಿತ್ರವು ಕಲೆಯೂ ಹೌದು, ಉದ್ಯಮವೂ ಹೌದು ಎಂಬುದು ಸರ್ವವಿದಿತ. ಕವಿಗೆ ಕಾಗದ, ಲೇಖನಿಗಳಿದ್ದರೆ ಸಾಕು. ಚಿತ್ರಕಾರನಿಗಾದರೋ ಒಂದು ದೃಶ್ಯವನ್ನು ತೆಗೆಯುವ ಮೊದಲೇ ಹಣ ಬೇಕು. ಸಾಲದ ಅರ್ಜಿಗಳನ್ನು ಪರಿಶೀಲಿಸುವುದೇ ನಿತ್ಯದ ಉದ್ಯೋಗವಾಗಿರುವ ನನ್ನಂಥವನಿಗೆ ಇದರ ತೊಡಕು ಬೇಗನೆ ಹೊಳೆಯುತ್ತದೆ. ಇನ್ನೂ ಹುಟ್ಟದ ಚಿತ್ರವನ್ನು ಅಡವಿಡಲು ಬಾರದು. ಹುಟ್ಟಿದ ಮೇಲೆ ಅದಕ್ಕೆ ಬರುವ ಬೆಲೆಯನ್ನು ಮುಂಚಿತವಾಗಿ ಯಾರೂ ಹೇಳಲಾರರು. ಆದಕಾರಣ ಹಣವನ್ನು ಹೂಡುವವನು ಲಾಭದ ಪಾಲಿನೊಡನೆ ಚಿತ್ರದ ಮೇಲಣ ಅಧಿಕಾರವನ್ನೂ ಕೇಳುತ್ತಾನೆ.

ಅಮೆರಿಕದಲ್ಲಿ ದೊಡ್ಡ ಸ್ಟುಡಿಯೋಗಳು ಬಂಡವಾಳವನ್ನು ಒದಗಿಸಿ, ಚಿತ್ರದ ಒಡೆತನವನ್ನೂ ವಿತರಣೆಯನ್ನೂ ತಮ್ಮ ಕೈಯಲ್ಲಿಟ್ಟುಕೊಳ್ಳುತ್ತವೆ. ಅಲ್ಲಿ ನಿರ್ದೇಶಕನು ಸಾಮಾನ್ಯವಾಗಿ ಸಂಬಳದ ಆಳು; ಯಾವ ದೃಶ್ಯ ಉಳಿಯಬೇಕು, ಯಾವುದು ಹೋಗಬೇಕು ಎಂಬ ಕಡೆಯ ಮಾತು ಕಂಪನಿಯದು. ಈ ವ್ಯವಸ್ಥೆಯ ಹೊರಗಿನ ಹಣದಿಂದ ತಯಾರಾದುದಕ್ಕೆ 'ಸ್ವತಂತ್ರ ಚಿತ್ರ' ಎಂದು ಹೆಸರು. ಅಂದಮೇಲೆ 'ಸ್ವತಂತ್ರ' ಎಂಬ ವಿಶೇಷಣವು ಮೂಲತಃ ಶೈಲಿಗೆ ಸಂಬಂಧಿಸಿದುದಲ್ಲ, ಲೆಕ್ಕಪತ್ರಕ್ಕೆ ಸಂಬಂಧಿಸಿದುದು. ಇದನ್ನು ಸ್ಪಷ್ಟಪಡಿಸಲು ಜಾನ್ ಸೇಲ್ಸರ ವೃತ್ತಿಜೀವನಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ಸೇಲ್ಸರು ಹುಟ್ಟಿದುದು ೧೯೫೦ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಪಟ್ಟಣದಲ್ಲಿ. ಅವರು ಮೊದಲು ಕಾದಂಬರಿಕಾರರು. 'ಯೂನಿಯನ್ ಡ್ಯೂಸ್' ಎಂಬ ಕೃತಿ ೧೯೭೭ರಲ್ಲಿ ಪ್ರಕಟವಾಯಿತು. ಅನಂತರ ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ನರ ಕಂಪನಿಗೆ ಚಿತ್ರಕಥೆ ಬರೆಯಲು ಸೇರಿದರು. ೧೯೭೮ರ 'ಪಿರಾನಾ' ಅಂಥದೊಂದು ಚಿತ್ರ. ನರಮಾಂಸ ತಿನ್ನುವ ಮೀನುಗಳ ಕಥೆ. ಅದನ್ನು ಬರೆಯುವುದಕ್ಕೆ ಅವರು ನಾಚಲಿಲ್ಲ. ಅದೇ ತಮ್ಮ ಕಲೆಯೆಂದು ಭ್ರಮಿಸಲೂ ಇಲ್ಲ. ಅದರಿಂದ ಬಂದ ಸಂಪಾದನೆಯನ್ನು ಕೂಡಿಟ್ಟು ತಮ್ಮ ಮೊದಲ ಚಿತ್ರಕ್ಕೆ ಬಂಡವಾಳ ಮಾಡಿಕೊಂಡರು.

'ರಿಟರ್ನ್ ಆಫ್ ದಿ ಸೆಕಾಕಸ್ ಸೆವೆನ್' ಎಂಬ ಆ ಚಿತ್ರವು ಸುಮಾರು ೬೦,೦೦೦ ಡಾಲರುಗಳಲ್ಲಿ ತಯಾರಾಗಿ ೧೯೮೦ರಲ್ಲಿ ತೆರೆಕಂಡಿತು. ವಿದ್ಯಾರ್ಥಿದೆಸೆಯಲ್ಲಿ ಚಳವಳಿಗಳಲ್ಲಿ ಭಾಗವಹಿಸಿದ್ದ ಗೆಳೆಯರು ಮೂವತ್ತರ ಅಂಚಿನಲ್ಲಿ ಮತ್ತೆ ಒಂದೆಡೆ ಸೇರುವುದೇ ಇದರ ವಸ್ತು. ಇಲ್ಲಿ ಬಡತನವೇ ರಚನೆಯ ಸೂತ್ರವಾಯಿತೆಂಬುದು ಗಮನಾರ್ಹ. ಪರಿಚಯದ ನಟರೆಲ್ಲ ಆ ವಯಸ್ಸಿನವರೇ ಆಗಿದ್ದುದರಿಂದ ಪಾತ್ರಗಳಿಗೂ ಅದೇ ವಯಸ್ಸು. ಕ್ಯಾಮರಾವನ್ನು ಓಡಾಡಿಸುವ ಸಲಕರಣೆಗಳಿಗೆ ಹಣವಿರಲಿಲ್ಲ. ಪಾತ್ರಗಳು ಹಲವಾದರೆ ಒಬ್ಬರಿಂದ ಇನ್ನೊಬ್ಬರಿಗೆ ದೃಶ್ಯವನ್ನು ಕತ್ತರಿಸುತ್ತ ಹೋಗಿ ಆ ಕೊರತೆಯನ್ನು ತುಂಬಬಹುದಾಗಿತ್ತು. ೧೯೯೭ರಲ್ಲಿ ಈ ಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಮುಂದೆ ಪ್ಯಾರಮೌಂಟ್ ಸ್ಟುಡಿಯೋ ವಿತರಿಸಿದ 'ಬೇಬಿ ಇಟ್ಸ್ ಯೂ' (೧೯೮೩) ಚಿತ್ರದ ಸಂಕಲನದಲ್ಲಿ ಸ್ಟುಡಿಯೋದೊಡನೆ ವಿವಾದ ಉಂಟಾಯಿತು. ಸಂಕಲನದ ಅಂತಿಮ ಅಧಿಕಾರವು ತಮ್ಮಲ್ಲೇ ಇರಬೇಕೆಂಬುದು ಅಲ್ಲಿಂದಾಚೆಗೆ ಸೇಲ್ಸರ ನಿಯಮವಾಯಿತು. ಅದೇ ವರ್ಷ ದೊರೆತ ಮೆಕಾರ್ಥರ್ ವೇತನವು ಷರತ್ತಿಲ್ಲದ ಹಣ. ಅದು 'ದಿ ಬ್ರದರ್ ಫ್ರಮ್ ಅನದರ್ ಪ್ಲಾನೆಟ್' (೧೯೮೪) ಚಿತ್ರಕ್ಕೆ ನೆರವಾಯಿತು. ಬಹುಕಾಲ ಹಣಕ್ಕಾಗಿ ಕಾದಿದ್ದ 'ಮೇಟ್ವಾನ್' ಹೊರಬಂದುದು ೧೯೮೭ರಲ್ಲಿ. ೧೯೨೦ರ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಮುಷ್ಕರದಲ್ಲಿ ಸ್ಥಳೀಯ ಬಿಳಿಯರು, ಕರಿಯರು, ಇಟಲಿಯಿಂದ ವಲಸೆ ಬಂದವರು ಒಂದಾದ ಕಥೆ ಅದು. ಪರಊರಿನಲ್ಲಿ ದುಡಿದು ಬದುಕುವ ನಮ್ಮಂಥವರು ಅದನ್ನು ಅನ್ಯರ ಕಥೆಯೆಂದು ನೋಡಲಾರೆವು.

ಹೀಗೆ ಸೇಲ್ಸರು ಎರಡು ಖಾತೆಗಳನ್ನು ನಡೆಸಿದರು. ಒಂದರಲ್ಲಿ ಪರರಿಗಾಗಿ ಬರೆದ, ಎಷ್ಟೋ ವೇಳೆ ಪರರ ಹೆಸರಿನಲ್ಲೇ ಉಳಿದ ಚಿತ್ರಕಥೆಗಳ ಜಮೆ. ಇನ್ನೊಂದರಲ್ಲಿ ಸ್ವಂತ ಚಿತ್ರಗಳ ಖರ್ಚು. ೧೯೮೦ರಿಂದ ೨೦೧೩ರವರೆಗೆ ಅವರ ೧೮ ಚಿತ್ರಗಳು ತೆರೆಕಂಡವು. ಅವುಗಳಲ್ಲಿ ಬಹುಪಾಲಿನ ಸಂಕಲನವೂ ಅವರದೇ. ಹಲವಕ್ಕೆ ನಿರ್ಮಾಪಕರಾಗಿ ನಿಂತವರು ಅವರ ಬಾಳಸಂಗಾತಿ ಮ್ಯಾಗಿ ರೆಂಜಿಯವರು. 'ಪ್ಯಾಷನ್ ಫಿಶ್' (೧೯೯೨) ಮತ್ತು 'ಲೋನ್ ಸ್ಟಾರ್' (೧೯೯೬) ಚಿತ್ರಕಥೆಗಳು ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡವು. 'ಮೆನ್ ವಿತ್ ಗನ್ಸ್' (೧೯೯೭) ಎಂಬುದನ್ನು ಇಂಗ್ಲಿಷಿನಲ್ಲಲ್ಲದೆ ಬಹುಮಟ್ಟಿಗೆ ಸ್ಪ್ಯಾನಿಷ್ ಭಾಷೆಯಲ್ಲಿಯೇ ತೆಗೆದರು. ಸಂಬಳ ಕೊಡುವ ಯಜಮಾನನು ಇಂಥ ಸಾಹಸಕ್ಕೆ ಸುಲಭವಾಗಿ ಒಪ್ಪುತ್ತಿರಲಿಲ್ಲವೆಂಬುದು ಸ್ಪಷ್ಟ.

ಆದರೆ ಈ ಪದ್ಧತಿಗೂ ಒಂದು ಎಲ್ಲೆಯುಂಟು. ವಿಡಿಯೋ ಕ್ಯಾಸೆಟ್ಟು, ಡಿವಿಡಿಗಳ ಮಾರಾಟದಿಂದ ಸಣ್ಣ ಚಿತ್ರಗಳಿಗೆ ಬರುತ್ತಿದ್ದ ಉತ್ಪನ್ನವು ಕಾಲಕ್ರಮದಲ್ಲಿ ಕ್ಷೀಣಿಸಿತು. ಬಂಡವಾಳ ದೊರೆಯುವುದು ದುಸ್ತರವಾಯಿತು. ಚಿತ್ರಕಥೆಯಾಗಿ ಹುಟ್ಟಿ, ಹಣವಿಲ್ಲದೆ ನಿಂತುಹೋಗಿದ್ದ 'ಜೇಮಿ ಮೆಕ್‌ಗಿಲಿವ್ರೆ' ೨೦೨೩ರಲ್ಲಿ ಕಾದಂಬರಿಯಾಗಿ ಪ್ರಕಟವಾಯಿತು. ಕಾದಂಬರಿಯಿಂದ ಹೊರಟ ಲೇಖಕರು ಕಾದಂಬರಿಗೇ ಮರಳಿದರು. ಇದನ್ನು ಸೋಲೆಂದು ಬರೆದಿಡಲು ನನ್ನ ಮನಸ್ಸು ಒಪ್ಪದು. ಆದರೂ ಆ ಕಥೆ ತೆರೆಗೆ ಬರಲಿಲ್ಲವೆಂಬ ನಷ್ಟ ನಷ್ಟವೇ.

ನಮ್ಮ ದೇಶದಲ್ಲಿ ಇದೇ ಸಮಸ್ಯೆಗೆ ಬೇರೊಂದು ಪರಿಹಾರವನ್ನು ಹುಡುಕಿದರು. ೧೯೬೦ರಲ್ಲಿ ಸ್ಥಾಪಿತವಾದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲದಿಂದಲೇ ಮೃಣಾಲ್ ಸೇನರ 'ಭುವನ್ ಶೋಮ್' (೧೯೬೯) ಸಾಧ್ಯವಾಯಿತು. ಸರಕಾರದ ಸಾಲವಾಗಲಿ, ಸ್ವಂತ ಕೂಲಿಯಾಗಲಿ, ಕಲಾವಿದನಿಗೆ ಬೇಕಾದುದು ತನ್ನ ಕೃತಿಯ ಕಡೆಯ ಮಾತನ್ನು ಮಾರಿಕೊಳ್ಳದೆ ದೊರೆಯುವ ಹಣ. ಹಗಲೆಲ್ಲ ಇನ್ನೊಬ್ಬರ ಭಾಷೆಯಲ್ಲಿ ಇನ್ನೊಬ್ಬರ ಲೆಕ್ಕ ಬರೆದು, ರಾತ್ರಿ ಕನ್ನಡದ ಕೆಲಸಕ್ಕೆ ಕೂಡುವ ನಮ್ಮ ಸಂಘದ ಬಂಧುಗಳಿಗೆ ಈ ಎರಡು ಖಾತೆಗಳ ಬದುಕನ್ನು ವಿವರಿಸಬೇಕಾದುದಿಲ್ಲ. ಮೊದಲನೆಯ ಖಾತೆಯು ಎರಡನೆಯದನ್ನು ನುಂಗದಂತೆ ಮೂವತ್ತಕ್ಕೂ ಹೆಚ್ಚು ವರ್ಷ ಕಾಯ್ದುಕೊಂಡರೆಂಬುದೇ ಸೇಲ್ಸರಿಂದ ನಾವು ಕಲಿಯಬೇಕಾದುದು.