ಮುಟ್ಟು ನಿಂತರೆ ನಾಟಿ ಮದ್ದು ಸಾಕೇ?

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮ್ಮ ರೈತ ಮನೆಗಳಲ್ಲಿ ಮುಟ್ಟು ತಪ್ಪಿದರೆ ಎಳ್ಳು-ಬೆಲ್ಲ, ಪರಂಗಿ ಹಣ್ಣು ಕೊಡುವುದುಂಟು. ಎಳ್ಳು, ನುಗ್ಗೆಸೊಪ್ಪು ಒಳ್ಳೆಯ ಆಹಾರವೇ. ಆದರೆ ನಿಂತ ಮುಟ್ಟನ್ನು ತರುತ್ತವೆಂಬುದಕ್ಕೆ ಆಧಾರವಿಲ್ಲ.

ಕಡಲೆಕಾಯಿ ಗಿಡ ಹಳದಿಯಾದರೆ ನಾವು ಮೊದಲು ಕಾರಣ ಹುಡುಕುತ್ತೇವೆ. ಇಲ್ಲಿಯೂ ಹಾಗೆಯೇ. ಗರ್ಭ ನಿಂತಿರಬಹುದು, ಮೊದಲು ಅದನ್ನೇ ಪರೀಕ್ಷಿಸಬೇಕು. ಅರೆಹೊಟ್ಟೆ ಊಟ, ಅತಿಯಾದ ದುಡಿಮೆ, ಚಿಂತೆ, ಥೈರಾಯ್ಡ್, ಅಂಡಾಶಯದ ತೊಂದರೆಗಳೂ ಕಾರಣವಾಗಬಹುದು.

ಚಿತ್ರಮೂಲದ ಬೇರು, ಎಕ್ಕದ ಹಾಲು, ಕಣಗಿಲೆ ಬೇರನ್ನು ಕುಡಿಸಲೂಬಾರದು, ಒಳಗೆ ಇಡಲೂಬಾರದು. ಇವು ವಿಷ, ಜೀವವನ್ನೇ ತೆಗೆಯಬಲ್ಲವು.

15 ವರ್ಷವಾದರೂ ಮೈನೆರೆಯದ ಹುಡುಗಿಯರನ್ನು, 3 ತಿಂಗಳು ಮುಟ್ಟಾಗದ ಹೆಂಗಸರನ್ನು ನಾಚಿಕೆಪಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯೋಣ. ತೀವ್ರ ಹೊಟ್ಟೆನೋವು, ರಕ್ತಸ್ರಾವ ಕಂಡರೆ ಅಂದೇ ಹೊರಡೋಣ.