ಕಣಜದ ಗೂಡೂ ಮಗಳ ಪದವಿಯೂ

ವೈಟ್‌ಫೀಲ್ಡ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯ ಕಿಟಕಿಗೆ ಕಣಜದ ಹುಳುಗಳು ಗೂಡು ಕಟ್ಟಿದ್ದವು. ಔಷಧಿ ಸಿಂಪಡಿಸುವವರನ್ನು ಕರೆಸಲು ನಾನು ಫೋನ್ ಕೈಗೆತ್ತಿಕೊಂಡಾಗ, ಆಗಷ್ಟೇ ಪಿಯುಸಿ ಮುಗಿಸಿದ್ದ ಮಗಳು ತಡೆದಳು. ಗಾಜಿನ ಈಚೆ ಕುಳಿತು ಎರಡು ವಾರಗಳಿಂದ ಅವುಗಳ ದಿನಚರಿಯನ್ನು ಬರೆದುಕೊಳ್ಳುತ್ತಿದ್ದಳಂತೆ. ಅದೇ ಸಂಜೆ ಇನ್ನೊಂದು ಮಾತನ್ನೂ ಹೇಳಿದಳು: ‘ಅಪ್ಪಾ, ನನಗೆ ಎಂಜಿನಿಯರಿಂಗ್ ಬೇಡ. ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡ್ತೀನಿ. ಮುಂದೆ ಪ್ರಾಣಿಗಳ ವರ್ತನೆಯನ್ನೇ ಓದಬೇಕು.’

ಸಾಫ್ಟ್‌ವೇರ್ ಸಂಬಳದಲ್ಲಿ ಮನೆ ಸಾಲದ ಕಂತು ಕಟ್ಟುವ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಹೊಟ್ಟೆಪಾಡಿಗೇನು? ಅದು ಅಸಂಬದ್ಧ ಪ್ರಶ್ನೆಯೇನಲ್ಲ. ನಮ್ಮ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಪ್ರಾಣಿ ವರ್ತನೆ ಎಂಬುದು ಪ್ರಾಣಿಶಾಸ್ತ್ರದ ಪಠ್ಯದೊಳಗಿನ ಒಂದು ಭಾಗ ಮಾತ್ರ. ಅಲ್ಲಿಂದ ಸಂಶೋಧನೆಯವರೆಗಿನ ದಾರಿ ದೀರ್ಘ, ಹುದ್ದೆಗಳೂ ವಿರಳ.

ಆದರೆ ಇದು ಹವ್ಯಾಸಿಗಳ ಕಾಲಹರಣವೆಂಬ ನನ್ನ ಎಣಿಕೆ ಮಾತ್ರ ತಪ್ಪಾಗಿತ್ತು. 1973ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದದ್ದು ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದ ಕಾರ್ಲ್ ಫಾನ್ ಫ್ರಿಶ್, ಕೊನ್ರಾಡ್ ಲೊರೆಂಜ್ ಮತ್ತು ನಿಕೊ ಟಿನ್‌ಬರ್ಗೆನ್ ಅವರಿಗೆ. ಅದೇ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ರಾಘವೇಂದ್ರ ಗದಗಕರ್ ಅವರ ಕಣ್ಣಿಗೆ ಕಾಲೇಜಿನ ಕಿಟಕಿಗಳಲ್ಲಿ ಇಂಥವೇ ಗೂಡುಗಳು ಬಿದ್ದವು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಅವರು ಆ ಕಣಜಗಳ ಬೆನ್ನುಹತ್ತಿದರು.

ಒಂದೇ ತೆರನಾಗಿ ಕಾಣುವ ಹುಳುಗಳನ್ನು ಗುರುತಿಸುವುದು ಹೇಗೆ? ಮೈಮೇಲೆ ಬಣ್ಣದ ಚುಕ್ಕೆಯಿಟ್ಟು. ಹಾಗೆ ಒಂದೊಂದನ್ನೂ ಗುರುತಿಟ್ಟು ನೋಡಿದಾಗ ತಿಳಿದುಬಂದ ಸಂಗತಿ ವಿಸ್ಮಯಕರ. ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಈ ಪ್ರಭೇದದ ರಾಣಿ ಬಲು ಸಾಧು. ಅದನ್ನು ಗೂಡಿನಿಂದ ತೆಗೆದರೆ, ಕೆಲಸಗಾರ ಹುಳುವೊಂದು ಕೆಲವೇ ನಿಮಿಷಗಳಲ್ಲಿ ಉಗ್ರವಾಗಿ ಮಿಕ್ಕವುಗಳ ಮೇಲೆ ಎರಗುತ್ತದೆ. ಅದೇ ಮುಂದಿನ ರಾಣಿ. ಹಳೆಯ ರಾಣಿಯನ್ನು ಮರಳಿ ಬಿಟ್ಟರೆ ತೆಪ್ಪಗಾಗುತ್ತದೆ. ಅಲ್ಪ ಖರ್ಚಿನಲ್ಲೇ ಇಂಥ ಮೊದಲ ದರ್ಜೆಯ ಸಂಶೋಧನೆ ಸಾಧ್ಯವೆಂದು ತೋರಿಸಲೆಂದೇ ಗದಗಕರ್ ಬರೆದ ಪುಸ್ತಕವನ್ನು ಭಾರತೀಯ ವಿಜ್ಞಾನ ಅಕಾಡೆಮಿ 2021ರಲ್ಲಿ ಪ್ರಕಟಿಸಿತು. ಪ್ರಯೋಗಾಲಯಕ್ಕೆ ಹಣವಿಲ್ಲವೆಂದು ಕೊರಗುವ ನಮ್ಮ ಕಾಲೇಜುಗಳಿಗೆ ಇದಕ್ಕಿಂತ ಒಪ್ಪುವ ವಿಷಯ ಇನ್ನಾವುದಿದ್ದೀತು?

ಹೊಲ, ತೋಪುಗಳ ಮೇಲೆ ಎದ್ದುನಿಂತ ನಮ್ಮ ಬಡಾವಣೆಗೂ ಈ ವಿದ್ಯೆ ಬೇಕಾಗಿದೆ. ನಿವಾಸಿಗಳ ಸಂಘದ ಸಭೆಗಳಲ್ಲಿ ಬೀದಿನಾಯಿ, ಪಾರಿವಾಳ, ಕೋತಿಗಳದೇ ಚರ್ಚೆ. ಓಡಿಸಿ, ಬಲೆ ಕಟ್ಟಿ ಎಂದು ಸಲಹೆ ನೀಡುವವರಲ್ಲಿ ನಾನೂ ಒಬ್ಬ. ಅವು ಯಾವ ಹೊತ್ತಿಗೆ ಬರುತ್ತವೆ, ಏನನ್ನು ಅರಸಿ ಬರುತ್ತವೆ ಎಂದು ನಾವು ಯಾರೂ ಈವರೆಗೆ ಗಮನಿಸಿಲ್ಲ. ಮಗಳ ನೋಟ್‌ಪುಸ್ತಕದ ಮೊದಲ ಪುಟದಲ್ಲಿರುವುದು ಅವೇ ಪ್ರಶ್ನೆಗಳು.

ಪ್ರವೇಶದ ಅರ್ಜಿಗೆ ಸಹಿ ಹಾಕಿದ್ದೇನೆ. ಅಂಜಿಕೆ ಪೂರ್ತಿ ಹೋಗಿದೆಯೆಂದರೆ ಸುಳ್ಳಾದೀತು. ಗೂಡು ಇನ್ನೂ ಅಲ್ಲೇ ಇದೆ. ಅಡುಗೆಮನೆಯ ಆ ಕಿಟಕಿಯನ್ನು ಸದ್ಯಕ್ಕೆ ನಾವು ತೆರೆಯುತ್ತಿಲ್ಲ.