ಹೆಸರಿನ ಋಣ

2015ರ ಏಪ್ರಿಲ್ 18ರ ರಾತ್ರಿ, ಲಿಬಿಯಾದ ತೀರದಿಂದ ಇಟಲಿಯತ್ತ ಹೊರಟಿದ್ದ ಮೀನುಗಾರಿಕೆಯ ನಾವೆಯೊಂದು, ನೆರವಿಗೆಂದು ಬಂದ ಸರಕುಹಡಗಿಗೆ ತಾಗಿ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತು. ಬದುಕಿ ಉಳಿದವರು 28 ಮಂದಿ. ಮಡಿದವರು 800ಕ್ಕೂ ಮಿಕ್ಕವರೆಂದು ಅಂದಾಜು. ಮಾಲಿ, ಸೆನೆಗಲ್, ಎರಿಟ್ರಿಯಾ, ಸೊಮಾಲಿಯಾ, ಬಾಂಗ್ಲಾದೇಶ ಮೊದಲಾದ ನಾಡುಗಳನ್ನು ಬಿಟ್ಟು ಬಂದ ಈ ಜನರ ಹೆಸರುಗಳನ್ನು ಬರೆದಿಟ್ಟ ಪ್ರಯಾಣಿಕರ ಪಟ್ಟಿ ಎಲ್ಲಿಯೂ ಇರಲಿಲ್ಲ.

2016ರಲ್ಲಿ ಇಟಲಿಯ ನೌಕಾಪಡೆ ಸುಮಾರು 370 ಮೀಟರ್ ಆಳದಿಂದ ಆ ನಾವೆಯನ್ನು ಮೇಲೆತ್ತಿ ಸಿಸಿಲಿಯ ಮೆಲಿಲ್ಲಿಗೆ ತಂದಿತು. ಅಲ್ಲಿ ಮಿಲಾನ್ ವಿಶ್ವವಿದ್ಯಾಲಯದ ವಿಧಿವಿಜ್ಞಾನಿ ಕ್ರಿಸ್ತಿನಾ ಕತ್ತಾನೆಯೊ ಅವರೂ ಇತರ ವಿಶ್ವವಿದ್ಯಾಲಯಗಳಿಂದ ಬಂದ ತಜ್ಞರೂ ಕಳೇಬರಗಳನ್ನು ಒಂದೊಂದಾಗಿ ಪರೀಕ್ಷಿಸುವ ದುಷ್ಕರ ಕಾರ್ಯವನ್ನು ಕೈಗೊಂಡರು.

ಗುರುತಿಸುವುದೆಂದರೆ ಎರಡು ಬಗೆಯ ಮಾಹಿತಿಯನ್ನು ತಾಳೆನೋಡುವುದು: ಮರಣದ ತರುವಾಯ ದೇಹ ನುಡಿಯುವುದು ಒಂದು, ಜೀವಿತಕಾಲದ ಬಗ್ಗೆ ಬಂಧುಗಳು ತಿಳಿಸುವುದು ಇನ್ನೊಂದು. ಭುಜಕ್ಕೂ ಎದೆಯೆಲುಬಿಗೂ ನಡುವಣ ಕೊರಳೆಲುಬಿನ ಒಳತುದಿ ಇಪ್ಪತ್ತರ ಹರೆಯದಲ್ಲಿ ಪೂರ್ಣವಾಗಿ ಕೂಡಿಕೊಳ್ಳುವುದಾದುದರಿಂದ, ಅದನ್ನೂ ಹಲ್ಲುಗಳ ಬೇರುಗಳ ಬೆಳವಣಿಗೆಯನ್ನೂ ನೋಡಿ ವಯಸ್ಸನ್ನು ಅಂದಾಜುಮಾಡಬಹುದು. ಮೃದುಭಾಗಗಳೆಲ್ಲ ಅಳಿದ ಮೇಲೆಯೂ ಹಲ್ಲುಗಳೂ ದಟ್ಟವಾದ ಎಲುಬುಗಳೂ ಡಿಎನ್‌ಎಯನ್ನು ದೀರ್ಘಕಾಲ ರಕ್ಷಿಸುತ್ತವೆ. ಪ್ರತಿಯೊಬ್ಬರೂ ಅದರ ಅರ್ಧವನ್ನು ತಾಯಿಯಿಂದಲೂ ಅರ್ಧವನ್ನು ತಂದೆಯಿಂದಲೂ ಪಡೆಯುವುದರಿಂದ, ಹೆತ್ತವರ ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒರಸಿ ತೆಗೆದ ಮಾದರಿಯಿಂದಲೇ ಸಂಬಂಧವನ್ನು ನಿರ್ಣಯಿಸಬಹುದು.

ತೊಡಕಿರುವುದು ಎರಡನೆಯ ಬಗೆಯ ಮಾಹಿತಿಯಲ್ಲಿ. ಬಂಧುಗಳು ದೂರದ ಹಳ್ಳಿಗಳಲ್ಲಿರುತ್ತಾರೆ. ಕೆಲವರು ತಾವೇ ಪಲಾಯನಗೈದವರಾಗಿ ಅಧಿಕಾರಿಗಳ ಮುಂದೆ ಬರಲು ಅಂಜುತ್ತಾರೆ. ದಂತವೈದ್ಯರ ದಾಖಲೆಯಂತೂ ಬಹುತೇಕರಿಗೆ ಇರುವುದೇ ಇಲ್ಲ. ಆದುದರಿಂದ ನಗುವಾಗ ಹಲ್ಲು ಕಾಣುವ ಒಂದು ಛಾಯಾಚಿತ್ರ, ಕಿವಿಯ ಆಕಾರ, ಹಳೆಯ ಗಾಯದ ಕಲೆ, ಇವೆಲ್ಲ ಇಲ್ಲಿ ಅಮೂಲ್ಯವಾಗುತ್ತವೆ. ಆ ನಾವೆಯಲ್ಲಿದ್ದ, ಮಾಲಿಯಿಂದ ಬಂದಿದ್ದ ಸುಮಾರು 14 ವರ್ಷದ ಬಾಲಕನೊಬ್ಬನ ಅಂಗಿಯಲ್ಲಿ ಆತನ ಶಾಲೆಯ ಅಂಕಪಟ್ಟಿ ಭದ್ರವಾಗಿ ಹೊಲಿಯಲ್ಪಟ್ಟಿತ್ತು. ತಾನು ಕಲಿತವನೆಂಬುದನ್ನು ಹೊಸ ನಾಡಿನಲ್ಲಿ ತೋರಿಸಬೇಕೆಂಬ ಆಸೆಯಿಂದಲ್ಲದೆ ಮತ್ತಾವ ಕಾರಣದಿಂದ ಅವನು ಅದನ್ನು ಅಷ್ಟು ಜೋಪಾನಮಾಡಿದ್ದಾನು?

ಸತ್ತವರಿಗೆ ಹೆಸರು ದೊರೆತರೆ ಬರುವುದೇನು ಎಂದು ಕೇಳುವವರುಂಟು. ಮರಣವು ಪ್ರಮಾಣಿತವಾಗದಿದ್ದಲ್ಲಿ ಪತ್ನಿಗೆ ಪುನರ್ವಿವಾಹವೂ, ಅನಾಥ ಶಿಶುವಿಗೆ ಪರದೇಶದ ಬಂಧುವಿನ ಆಶ್ರಯವೂ ಕಾನೂನಿನ ಮುಂದೆ ದುಸ್ತರವಾಗುತ್ತವೆ; ಮಗನು ಎಂದಾದರೂ ಬಂದಾನೆಂದು ಕಾಯುವ ತಾಯಿಗೆ ಅಳುವುದಕ್ಕೂ ಅಧಿಕಾರವಿಲ್ಲದಂತಾಗುತ್ತದೆ. ಆದುದರಿಂದಲೇ ಕಳೇಬರವನ್ನು ಮಣ್ಣುಮಾಡುವ ಮುನ್ನ ಅದರ ಮಾದರಿಯನ್ನೂ ವಿವರಗಳನ್ನೂ ಒಂದು ಸಂಖ್ಯೆಯಡಿ ಕಾದಿಟ್ಟು, ಸಮಾಧಿಗೆ ಅದೇ ಸಂಖ್ಯೆಯನ್ನು ಕೊಡುವುದು ಅಂತ್ಯಸಂಸ್ಕಾರದ ಒಂದು ಅಂಗವೇ ಸರಿ. ವಿಮಾನ ಅಪಘಾತದಲ್ಲಿ ಮಡಿದವರಿಗೆ ಪ್ರಶ್ನೆಯಿಲ್ಲದೆ ಸಲ್ಲುವ ಈ ವಿಜ್ಞಾನವು ಗಡಿದಾಟುವಾಗ ಮಡಿದವರಿಗೂ ಸಲ್ಲಬೇಕು. ಬಂಧುಗಳು ನಿರ್ಭಯವಾಗಿ, ತಮ್ಮ ಊರಿನಿಂದಲೇ ಮಾಹಿತಿ ನೀಡುವ ಏರ್ಪಾಡನ್ನು ರಾಷ್ಟ್ರಗಳು ಒಂದುಗೂಡಿ ಮಾಡಬೇಕು. ಇದು ದಯೆಯಲ್ಲ, ಬದುಕಿರುವವರು ತೀರಿಸಲೇಬೇಕಾದ ಋಣ.